ಖ್ಯಾತಿಯ ಮಾತು, ವಿದ್ಯುತ್ತಿನ ಲೆಕ್ಕ



ಸಾಹಿತ್ಯ, ರಂಗಭೂಮಿ, ಚಲನಚಿತ್ರ, ವಿಜ್ಞಾನ, ಕ್ರೀಡೆಗಳಲ್ಲಿ ಹೆಸರು ಗಳಿಸಿದವರು ರಾಜಕೀಯ ಪ್ರಶ್ನೆಗಳ ಬಗ್ಗೆ ಬಾಯಿ ತೆರೆದಾಗಲೆಲ್ಲ, ಅದು ಅವರಿಗೆ ಸಂಬಂಧಿಸಿದ ವಿಷಯವೇ ಎಂಬ ಆಕ್ಷೇಪ ಒಂದು ಕಡೆಯಿಂದಲೂ ಅವರು ಇಷ್ಟು ದಿನ ಏಕೆ ಸುಮ್ಮನಿದ್ದರು ಎಂಬ ದೂರು ಇನ್ನೊಂದು ಕಡೆಯಿಂದಲೂ ಏಳುವುದು ಕರ್ನಾಟಕದ ಸಾರ್ವಜನಿಕ ಜೀವನದಲ್ಲಿ ರೂಢಿಯಾಗಿದೆ. ಕನ್ನಡ ನುಡಿಗಾಗಿ ನಡೆದ 1982ರ ಗೋಕಾಕ್ ಚಳವಳಿಗೆ ಡಾ. ರಾಜಕುಮಾರ್ ಧುಮುಕಿದ ಮೇಲೆ ಅದರ ಸ್ವರೂಪವೇ ಬದಲಾಯಿತು. ಕಾವೇರಿಯ ವಿವಾದ ಕಾವೇರಿದಾಗಲೆಲ್ಲ ಚಿತ್ರರಂಗ ಬೀದಿಗಿಳಿದಿದೆ. ಮಹದಾಯಿ ನೀರಿಗಾಗಿ 2015ರಲ್ಲಿ ನಟನಟಿಯರು ಹುಬ್ಬಳ್ಳಿಯವರೆಗೂ ಹೋಗಿ ನಿಂತರು. ನುಡಿ ಮತ್ತು ನೀರು, ಈ ಎರಡರ ವಿಷಯದಲ್ಲಿ ನಾಡಿನ ಖ್ಯಾತನಾಮರು ಮಾತನಾಡುವುದನ್ನು ಜನ ನಿರೀಕ್ಷಿಸುತ್ತಾರೆ, ಮಾತನಾಡದಿದ್ದರೆ ಮುನಿಯುತ್ತಾರೆ. ಆದರೆ ನೀರಿನಷ್ಟೇ ನಿತ್ಯದ ಅಗತ್ಯವಾಗಿರುವ, ಊರುಗಳನ್ನು ಎಬ್ಬಿಸಿ ಕಾಡುಗಳನ್ನು ಮುಳುಗಿಸಿರುವ ವಿದ್ಯುತ್ತಿನ ವಿಷಯದಲ್ಲಿ ಅಂಥ ಮಾತು ಬಹು ವಿರಳವಾಗಿ ಬಂದಿದೆ. ಬಂದ ಕೆಲವೇ ಸಂದರ್ಭಗಳಲ್ಲಿ ಅದು ಏನನ್ನು ಸಾಧಿಸಿತು, ಏನನ್ನು ಸಾಧಿಸಲಾರದೆ ಹೋಯಿತು ಎಂಬುದನ್ನು ಪರಿಶೀಲಿಸುವುದು ಈ ಉಪನ್ಯಾಸದ ಉದ್ದೇಶ.

ಈ ವಿಚಾರವನ್ನು ಪಟ್ಟಂದೂರು ಅಗ್ರಹಾರದಂಥ ಸ್ಥಳದಿಂದ ಎತ್ತುವುದಕ್ಕೆ ಕಾರಣವಿದೆ. ಬೆಂಗಳೂರಿನ ಪೂರ್ವದ ಅಂಚಿನಲ್ಲಿ, ವೈಟ್‌ಫೀಲ್ಡಿಗೆ ಹೊಂದಿಕೊಂಡು, ಒಂದು ಕಾಲಕ್ಕೆ ಕೆರೆ, ಹೊಲ, ತೋಪುಗಳ ಗ್ರಾಮವಾಗಿದ್ದ ಈ ಊರಿನ ನೆಲದಲ್ಲಿ 1990ರ ದಶಕದಲ್ಲಿ ಟಾಟಾ ಸಂಸ್ಥೆ, ಸಿಂಗಪುರದ ಹೂಡಿಕೆದಾರರು ಮತ್ತು ಕರ್ನಾಟಕ ಸರ್ಕಾರದ ಜಂಟಿ ಉದ್ಯಮವಾಗಿ ಅಂತರರಾಷ್ಟ್ರೀಯ ಟೆಕ್ ಪಾರ್ಕ್, ಅಂದರೆ ಎಲ್ಲರ ಬಾಯಲ್ಲಿರುವ ಐಟಿಪಿಎಲ್, ತಲೆಯೆತ್ತಿತು. ಅಂದು ನಗರದಲ್ಲಿ ವಿದ್ಯುತ್ ಕಡಿತ ದಿನನಿತ್ಯದ ಸಂಗತಿಯಾಗಿದ್ದುದರಿಂದ, ತನ್ನದೇ ವಿದ್ಯುತ್ ಉತ್ಪಾದನೆಯ ಏರ್ಪಾಡು ಇರುವುದನ್ನು ಆ ಪಾರ್ಕು ತನ್ನ ಮುಖ್ಯ ಆಕರ್ಷಣೆಗಳಲ್ಲಿ ಒಂದಾಗಿ ಸಾರಿತು. ಸುತ್ತಲಿನ ಹಳ್ಳಿ ಕತ್ತಲಲ್ಲಿದ್ದಾಗಲೂ ಒಳಗಿನ ಗಣಕಯಂತ್ರ ನಿಲ್ಲದೆ ನಡೆಯಬೇಕೆಂಬ ಈ ನಿರೀಕ್ಷೆಯೇ ಈ ಪ್ರದೇಶದ ಬೆಳವಣಿಗೆಯ ಅಡಿಪಾಯ. ವಿದ್ಯುತ್ತನ್ನು ಅಪಾರವಾಗಿ ಬಳಸುವ, ಬಹುಮಟ್ಟಿಗೆ ಎಲ್ಲವನ್ನೂ ಬೇರೆ ಕಡೆಯಿಂದ ತರಿಸಿಕೊಳ್ಳುವ ನೆಲೆ ಇದು. ಆ ಬೇರೆ ಕಡೆ ಯಾವುದು, ಅಲ್ಲಿಯವರು ಏನು ತೆತ್ತರು ಎಂಬ ಪ್ರಶ್ನೆ ಇಲ್ಲಿಗೆ ಬಂದು ಮುಟ್ಟುವುದು ಅಪರೂಪ.

ಉತ್ಪಾದನೆ ಒಂದೆಡೆ, ಬಳಕೆ ಇನ್ನೊಂದೆಡೆ ಎಂಬ ಈ ಏರ್ಪಾಡು ಐಟಿ ಯುಗದಲ್ಲಿ ಹುಟ್ಟಿದ್ದಲ್ಲ. 1902ರ ಜೂನ್ 30ರಂದು ಕಾವೇರಿಯ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರ ಹರಿದು ಮೊದಲು ತಲುಪಿದ್ದು ಕೋಲಾರದ ಚಿನ್ನದ ಗಣಿಗಳನ್ನು. ಬೆಂಗಳೂರಿನ ಬೀದಿದೀಪಗಳಿಗೆ ಅದು ದೊರೆತದ್ದು ಮೂರು ವರ್ಷಗಳ ಅನಂತರ, 1905ರಲ್ಲಿ. ತಂತಿ ಹಾದುಹೋದ ದಾರಿಯ ಹಳ್ಳಿಗಳು ಇನ್ನೂ ಹಲವು ದಶಕ ಕಾಯಬೇಕಾಯಿತು. ಯಾರಿಗೆ ಮೊದಲು, ಯಾರಿಗೆ ಕೊನೆಗೆ, ಯಾರ ನೆಲದ ಮೇಲೆ ಎಂಬ ಮೂರು ನಿರ್ಧಾರಗಳು ಪ್ರತಿಯೊಂದು ವಿದ್ಯುತ್ ಯೋಜನೆಯ ಒಳಗೂ ಇರುತ್ತವೆ, ಮತ್ತು ಇವು ಮೂರೂ ಎಂಜಿನಿಯರಿಂಗ್ ನಿರ್ಧಾರಗಳಾಗಿರುವಷ್ಟೇ ರಾಜಕೀಯ ನಿರ್ಧಾರಗಳೂ ಹೌದು. ಆದ್ದರಿಂದ ತಜ್ಞರಲ್ಲದವರು ವಿದ್ಯುತ್ತಿನ ಬಗ್ಗೆ ಮಾತನಾಡಬಾರದೆಂಬ ವಾದ ಮೊದಲ ಹೆಜ್ಜೆಯಲ್ಲಿಯೇ ನಿಲ್ಲುವುದಿಲ್ಲ. ಯಾವ ತಜ್ಞನೂ ಟರ್ಬೈನಿನ ವೇಗ ಲೆಕ್ಕಹಾಕಿದಂತೆ ನ್ಯಾಯದ ಪಾಲನ್ನು ಲೆಕ್ಕಹಾಕಿ ಕೊಡಲಾರ.

ಕೈಗಾ ಪ್ರಕರಣ ಈ ಇಡೀ ಚರ್ಚೆಯ ಕೇಂದ್ರದಲ್ಲಿರುವುದು ಈ ಕಾರಣಕ್ಕಾಗಿ. ಉತ್ತರ ಕನ್ನಡ ಜಿಲ್ಲೆಯ ಕಾಳಿ ನದಿಯ ದಡದಲ್ಲಿ, ಪಶ್ಚಿಮ ಘಟ್ಟದ ದಟ್ಟ ಕಾಡಿನ ನಡುವೆ ಪರಮಾಣು ವಿದ್ಯುತ್ ಸ್ಥಾವರ ಕಟ್ಟುವ ನಿರ್ಧಾರ 1980ರ ದಶಕದಲ್ಲಿ ಹೊರಬಿದ್ದಾಗ, ಅದನ್ನು ವಿರೋಧಿಸಿ ನಿಂತವರಲ್ಲಿ ಎಲ್ಲರಿಗಿಂತ ಎತ್ತರದ ಹೆಸರು ಕೋಟ ಶಿವರಾಮ ಕಾರಂತರದು. 1977ರ ಜ್ಞಾನಪೀಠ ಪುರಸ್ಕೃತರು. ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದವರು. ಕಾದಂಬರಿ, ಯಕ್ಷಗಾನ, ಕೋಶರಚನೆ ಎಲ್ಲದರಲ್ಲಿಯೂ ನಾಡು ತಲೆಬಾಗುವಂಥ ಕೆಲಸ ಮಾಡಿದವರು. 1989ರ ಲೋಕಸಭಾ ಚುನಾವಣೆಯಲ್ಲಿ, 87 ವರ್ಷ ವಯಸ್ಸಾಗಿದ್ದಾಗ, ಅವರು ಪರಿಸರದ ಪರವಾದ ಅಭ್ಯರ್ಥಿಯಾಗಿ ಅದೇ ಜಿಲ್ಲೆಯ ಕ್ಷೇತ್ರದಿಂದ ಸ್ಪರ್ಧಿಸಿದರು. 50,000ಕ್ಕೂ ಹೆಚ್ಚು ಮತಗಳು ಬಂದರೂ ಗೆದ್ದವರು ಕಾಂಗ್ರೆಸ್ಸಿನ ಜಿ. ದೇವರಾಯ ನಾಯ್ಕ. ಸ್ಥಾವರದ ಮೊದಲ ಘಟಕದ ಕಾಂಕ್ರೀಟ್ ಕೆಲಸ ಆರಂಭವಾದದ್ದೂ ಆ ವರ್ಷವೇ.

ಕಾದಂಬರಿಕಾರನಿಗೆ ಪರಮಾಣುವಿನ ಬಗ್ಗೆ ಏನು ಗೊತ್ತು ಎಂಬ ಆಕ್ಷೇಪ ಅಂದು ಬಂತು, ಇಂದಿಗೂ ಅಂಥ ಸಂದರ್ಭಗಳಲ್ಲಿ ಬರುತ್ತದೆ. ಕಾರಂತರ ವಿಷಯದಲ್ಲಿ ಆ ಆಕ್ಷೇಪಕ್ಕೆ ವಾಸ್ತವದ ಆಧಾರವಿರಲಿಲ್ಲ. ಅವರು 1930ರ ದಶಕದಲ್ಲಿಯೇ ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಸಂಪುಟಗಳನ್ನು, ಮುಂದೆ ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಒಬ್ಬರೇ ಕುಳಿತು ಬರೆದಿದ್ದರು, ಭೌತವಿಜ್ಞಾನದ ಸಂಗತಿಗಳನ್ನು ಸಾಮಾನ್ಯ ಓದುಗನಿಗೆ ತಿಳಿಯುವ ಕನ್ನಡದಲ್ಲಿ ಹೇಳುವ ಶ್ರಮವನ್ನು, ಅದಕ್ಕೆ ಯಾವ ಗೌರವವೂ ಇರದಿದ್ದ ಕಾಲದಲ್ಲಿ, ದಶಕಗಟ್ಟಲೆ ಮಾಡಿದ್ದರು. ವಿಜ್ಞಾನದ ಮೇಲಿನ ಹಗೆ ಅವರ ವಿರೋಧಕ್ಕೆ ಪ್ರೇರಣೆಯಾಗಿರಲಿಲ್ಲ. ಕಾಡು, ನದಿ, ಸಾವಿರಾರು ವರ್ಷ ಕಾಯಬೇಕಾದ ವಿಕಿರಣ ತ್ಯಾಜ್ಯ, ಮತ್ತು ಇವೆಲ್ಲದರ ಬಗ್ಗೆ ಮಾಹಿತಿಯನ್ನು ಗೋಪ್ಯವಾಗಿಡಲು ಸರ್ಕಾರಕ್ಕೆ ವಿಶಾಲ ಅಧಿಕಾರ ಕೊಟ್ಟಿದ್ದ 1962ರ ಪರಮಾಣು ಶಕ್ತಿ ಕಾಯ್ದೆ, ಈ ನಾಲ್ಕು ಒಟ್ಟಾಗಿ ಎತ್ತುವ ಪ್ರಶ್ನೆಯನ್ನು ವೈಜ್ಞಾನಿಕ ಮನೋಧರ್ಮದವನೇ ಹೆಚ್ಚು ಗಟ್ಟಿಯಾಗಿ ಕೇಳಬಲ್ಲ. ಚೆರ್ನೋಬಿಲ್ ದುರಂತ ನಡೆದದ್ದು 1986ರ ಏಪ್ರಿಲಿನಲ್ಲಿ ಎಂಬುದನ್ನೂ ಇಲ್ಲಿ ನೆನೆಯಬೇಕು.

ಎದುರು ಪಕ್ಷದಲ್ಲಿದ್ದ ಖ್ಯಾತಿಯೂ ಸಣ್ಣದಾಗಿರಲಿಲ್ಲ, ಅದೂ ಕನ್ನಡ ನಾಡಿನದೇ ಆಗಿತ್ತು. ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ಡಾ. ರಾಜಾ ರಾಮಣ್ಣ 1974ರ ಪೋಖರಣ್ ಪರೀಕ್ಷೆಯ ಮುಖ್ಯ ರೂವಾರಿ. 1983ರಿಂದ 1987ರವರೆಗೆ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರು. ಪಿಯಾನೋ ವಾದನದಲ್ಲಿ ಪರಿಣತರು. 1990ರಲ್ಲಿ ಕೇಂದ್ರದ ರಕ್ಷಣಾ ಖಾತೆಯ ರಾಜ್ಯ ಸಚಿವರೂ ಆದರು. ಎರಡು ಖ್ಯಾತಿಗಳ ಈ ಎದುರುಬದುರಿನಲ್ಲಿ ಒಂದು ಮೂಲಭೂತ ಅಸಮತೆ ಇತ್ತು. ರಾಮಣ್ಣನವರ ಮಾತಿನ ಹಿಂದೆ ಒಂದು ಇಲಾಖೆ, ಒಂದು ಬಜೆಟ್ಟು, ಒಂದು ಕಾಯ್ದೆ ಇದ್ದವು. ಕಾರಂತರ ಮಾತಿನ ಹಿಂದೆ ಇದ್ದುದು ಅವರ ಬದುಕು ಮಾತ್ರ. ಅಧಿಕಾರದ ಬೆಂಬಲವಿರುವ ಖ್ಯಾತಿ ಮಾತನಾಡಿದಾಗ ಅದನ್ನು ಪರಿಣತಿ ಎಂದೂ ಬೆಂಬಲವಿಲ್ಲದ ಖ್ಯಾತಿ ಮಾತನಾಡಿದಾಗ ಅದನ್ನು ಮೂಗು ತೂರಿಸುವುದು ಎಂದೂ ಕರೆಯುವ ಚಾಳಿಯನ್ನು ಒಪ್ಪಲಾಗದು.

ಆದರೂ ಆ ಚರ್ಚೆಯಲ್ಲಿ ಮೂರನೆಯ ಒಂದು ಧ್ವನಿ ಇತ್ತು. ಈ ಉಪನ್ಯಾಸದ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದ, ಅತ್ಯಂತ ಕಡಿಮೆ ಕೇಳಿಸಿದ ಧ್ವನಿ ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿ 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಕಟ್ಟಿ, ಹೊಗೆ ಕಡಿಮೆ ಮಾಡುವ ಸುಧಾರಿತ ಒಲೆ, ತುಮಕೂರು ಜಿಲ್ಲೆಯ ಪುರ ಗ್ರಾಮದ ಸಮುದಾಯ ಗೋಬರ್ ಗ್ಯಾಸ್ ಸ್ಥಾವರ ಮುಂತಾದ ಪ್ರಯೋಗಗಳ ಮೂಲಕ ಹಳ್ಳಿಯ ಶಕ್ತಿಯ ಪ್ರಶ್ನೆಯನ್ನು ವಿಜ್ಞಾನದ ಮುಂಚೂಣಿಗೆ ತಂದವರು. 1980ರ ದಶಕದ ಉತ್ತರಾರ್ಧದಲ್ಲಿ ಕರ್ನಾಟಕದ ದೀರ್ಘಾವಧಿ ವಿದ್ಯುತ್ ಯೋಜನೆಗಾಗಿ ನೇಮಕಗೊಂಡ ಸಮಿತಿ, 2000ನೇ ಇಸವಿಯ ಹೊತ್ತಿಗೆ ರಾಜ್ಯಕ್ಕೆ ಬೇಕಾಗುವ ವಿದ್ಯುತ್ತನ್ನು ಹಿಂದಿನ ಬೆಳವಣಿಗೆಯ ರೇಖೆಯನ್ನೇ ಮುಂದಕ್ಕೆ ಎಳೆದು ಅಂದಾಜು ಮಾಡಿತ್ತು. ರೆಡ್ಡಿ ಮತ್ತು ಅವರ ಸಹೋದ್ಯೋಗಿಗಳು ಅದನ್ನು ತಲೆಕೆಳಗು ಮಾಡಿ, ಜನರಿಗೆ ಬೇಕಾದದ್ದು ಯೂನಿಟ್ಟುಗಳಲ್ಲ, ಬೆಳಕು, ಬಿಸಿನೀರು, ಹೊಲಕ್ಕೆ ನೀರು, ಯಂತ್ರಕ್ಕೆ ಚಾಲನೆ ಎಂಬ ಸೇವೆಗಳು ಎಂದು ಆರಂಭಿಸಿದರು. ಇದನ್ನು ಅಂತಿಮ ಬಳಕೆಯ ವಿಶ್ಲೇಷಣೆ ಎನ್ನುತ್ತಾರೆ: ಯಾವ ಕೆಲಸಕ್ಕೆ ಎಷ್ಟು ಶಕ್ತಿ ನಿಜವಾಗಿ ಬೇಕು, ಅದನ್ನು ಅತಿ ಕಡಿಮೆ ಖರ್ಚಿನಲ್ಲಿ ಯಾವ ಮೂಲದಿಂದ ಕೊಡಬಹುದು ಎಂದು ಒಂದೊಂದಾಗಿ ಲೆಕ್ಕ ಹಾಕುವುದು. ಹಾಗೆ ಲೆಕ್ಕ ಹಾಕಿದಾಗ, ಎಲ್ಲ ಮನೆಗಳಿಗೂ ದೀಪ ಕೊಟ್ಟ ಮೇಲೂ, ಅಧಿಕೃತ ಅಂದಾಜಿನ ಅರ್ಧಕ್ಕಿಂತ ಕಡಿಮೆ ವಿದ್ಯುತ್ತು ಸಾಕೆಂಬ ತೀರ್ಮಾನಕ್ಕೆ ಅವರು ಬಂದರು.

ಕಾರಂತರ ಖ್ಯಾತಿ ಪ್ರಶ್ನೆಯ ಬಾಗಿಲನ್ನು ತೆರೆಯಿತು. ರೆಡ್ಡಿಯವರ ಈ ಲೆಕ್ಕದ ಕೋಷ್ಟಕ ಆ ಬಾಗಿಲಿನ ಮೂಲಕ ಒಳಗೆ ಹೋಗಬೇಕಿತ್ತು. ಹಾಗಾಗಲಿಲ್ಲ. ಚುನಾವಣೆಯ ವೇದಿಕೆಯಲ್ಲಿ ಕೈಗಾ ಬೇಕೋ ಬೇಡವೋ ಎಂಬಷ್ಟಕ್ಕೆ ಮಾತು ಕುಗ್ಗಿತು, ಬೇಡವಾದರೆ ಬೆಂಗಳೂರಿನ ದೀಪ ಉರಿಯುವುದು ಯಾವುದರಿಂದ ಎಂಬ ಪ್ರಶ್ನೆಗೆ ಸಿದ್ಧವಾಗಿದ್ದ ಉತ್ತರ ವಿದ್ವತ್ ಪತ್ರಿಕೆಗಳಲ್ಲಿ ಉಳಿಯಿತು. ದೋಷ ಕಾರಂತರದೂ ಅಲ್ಲ, ರೆಡ್ಡಿಯವರದೂ ಅಲ್ಲ. ಹೆಸರಾಂತ ವ್ಯಕ್ತಿಯ ವಿರೋಧವನ್ನು ಮುಖಪುಟದಲ್ಲಿ ಹಾಕಿ, ವಿರೋಧದ ಹಿಂದಿನ ಲೆಕ್ಕವನ್ನು ಕೈಬಿಡುವ ಸಾರ್ವಜನಿಕ ಚರ್ಚೆಯ ರೀತಿಯದು. ಹೀಗೆಯೇ ಆಗಬೇಕೆಂದಿರಲಿಲ್ಲ: ಇದಕ್ಕೆ ಮೊದಲು, ಅದೇ ಜಿಲ್ಲೆಯಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯನ್ನು ಶಿರಸಿ ಸೀಮೆಯ ಅಡಿಕೆ ತೋಟಗಾರರು ವಿರೋಧಿಸಿದಾಗ ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಕರೆಸಿ ಯೋಜನೆಯ ಲಾಭನಷ್ಟದ ಲೆಕ್ಕವನ್ನೇ ಮರುಪರಿಶೀಲನೆಗೆ ಒಡ್ಡಿದ್ದರು, ಆ ಯೋಜನೆ ಕೈಬಿಟ್ಟುಹೋಯಿತು.

ಕೈಗಾದ ಮುಂದಿನ ಇತಿಹಾಸ ಯಾವ ಪಕ್ಷಕ್ಕೂ ಪೂರ್ಣ ಗೆಲುವನ್ನು ಕೊಡುವುದಿಲ್ಲ. 1994ರ ಮೇ 13ರಂದು ನಿರ್ಮಾಣದ ಹಂತದಲ್ಲಿದ್ದ ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. ಅಣು ಇಂಧನ ಇನ್ನೂ ಒಳಗೆ ಬಂದಿರಲಿಲ್ಲವಾದ್ದರಿಂದ ವಿಕಿರಣದ ಅಪಾಯ ತಪ್ಪಿತು, ವಿನ್ಯಾಸವನ್ನು ಹೊಸದಾಗಿ ಮಾಡಬೇಕಾಯಿತು. ಹೊರಗಿನವರ ಕಣ್ಣಿಗೆ ಬೀಳದ ಯೋಜನೆ ಸುರಕ್ಷಿತವೆಂದು ನಂಬಬೇಕಿಲ್ಲವೆಂಬ ಕಾರಂತರ ವಾದ ಅಂದು ಕಾಂಕ್ರೀಟಿನಲ್ಲಿಯೇ ಸಾಬೀತಾಯಿತು. 2009ರ ನವೆಂಬರಿನಲ್ಲಿ ಕುಡಿಯುವ ನೀರಿನಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕ ಬೆರೆತು ಹಲವು ಕೆಲಸಗಾರರ ದೇಹ ಸೇರಿದ್ದೂ ಪತ್ತೆಯಾಯಿತು. ಇನ್ನೊಂದು ಬದಿಯಲ್ಲಿ, ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳು 2000ದಿಂದ 2011ರೊಳಗೆ ಕೆಲಸ ಆರಂಭಿಸಿದವು, ಮತ್ತು ಅದೇ ಮೊದಲ ಘಟಕ 2016ರ ಮೇ ತಿಂಗಳಿಂದ 2018ರ ಕೊನೆಯ ದಿನದವರೆಗೆ 962 ದಿನ ಒಮ್ಮೆಯೂ ನಿಲ್ಲದೆ ನಡೆದು ಅಂದಿನ ವಿಶ್ವದಾಖಲೆಯಾಯಿತು. ವಿರೋಧಿಸಿದವರು ಭಯಪಟ್ಟಷ್ಟು ಕೆಡುಕು ಆಗಲಿಲ್ಲ, ಸಮರ್ಥಿಸಿದವರು ಹೇಳಿದಷ್ಟು ನಿರಾತಂಕವೂ ಇರಲಿಲ್ಲ ಎಂಬುದನ್ನು ಎರಡೂ ಕಡೆಯವರು ಒಪ್ಪಿದರೆ ಮುಂದಿನ ಚರ್ಚೆ ಆರೋಗ್ಯಕರವಾದೀತು. ತಲಾ 700 ಮೆಗಾವ್ಯಾಟಿನ ಐದನೆಯ ಮತ್ತು ಆರನೆಯ ಘಟಕಗಳ ಸಂದರ್ಭದಲ್ಲಿ ಇದು ಹಳೆಯ ಮಾತಲ್ಲ.

ಖ್ಯಾತಿಗೂ ವಿದ್ಯುತ್ತಿಗೂ ನಡುವಿನ ಈ ಜಗಳ ಅಮೆರಿಕದಲ್ಲಿ ಇನ್ನೂ ತೀಕ್ಷ್ಣವಾಗಿ ನಡೆದಿತ್ತು. ಜೇನ್ ಫೋಂಡಾ ನಟಿಸಿದ, ಪರಮಾಣು ಸ್ಥಾವರದ ಅಪಘಾತವನ್ನು ಕುರಿತ ‘ದ ಚೈನಾ ಸಿಂಡ್ರೋಮ್’ ಚಿತ್ರ 1979ರ ಮಾರ್ಚ್ 16ರಂದು ಬಿಡುಗಡೆಯಾಯಿತು. ಹನ್ನೆರಡು ದಿನಗಳ ಅನಂತರ ತ್ರೀ ಮೈಲ್ ಐಲೆಂಡಿನ ಸ್ಥಾವರದಲ್ಲಿ ನಿಜವಾದ ಅಪಘಾತ ಸಂಭವಿಸಿತು. ಫೋಂಡಾ ದೇಶವೆಲ್ಲ ಸುತ್ತಿ ಪರಮಾಣು ವಿದ್ಯುತ್ತಿನ ವಿರುದ್ಧ ಮಾತನಾಡಿದರು. ಅದಕ್ಕೆ ಉತ್ತರವಾಗಿ ಜಲಜನಕ ಬಾಂಬಿನ ಜನಕರಲ್ಲೊಬ್ಬರೆನಿಸಿದ ಎಡ್ವರ್ಡ್ ಟೆಲ್ಲರ್, ಫೋಂಡಾ ಅವರ ಪ್ರಚಾರಕ್ಕೆ ಎದುರಾಗಿ ದುಡಿದು ತಮಗೆ ಹೃದಯಾಘಾತವಾಯಿತೆಂದೂ ಆ ಅಪಘಾತದಿಂದ ಆರೋಗ್ಯಕ್ಕೆ ಪೆಟ್ಟು ತಿಂದವರು ತಾವೊಬ್ಬರೇ ಎಂದೂ ಹೇಳುವ ಜಾಹೀರಾತು ಒಂದು ಪ್ರಮುಖ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಜಾಹೀರಾತಿನ ವೆಚ್ಚ ಭರಿಸಿದ ಕಂಪನಿಯೇ ಅಪಘಾತಕ್ಕೆ ಕಾರಣಗಳಲ್ಲೊಂದಾದ ಕವಾಟವನ್ನು ತಯಾರಿಸಿತ್ತು. ನಟಿಯ ಮಾತಿನ ಹಿಂದೆ ಯಾರ ಹಣವಿದೆ ಎಂದು ಕೇಳುವ ಸಮಾಜ ವಿಜ್ಞಾನಿಯ ಮಾತಿನ ಹಿಂದೆಯೂ ಅದನ್ನೇ ಕೇಳಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಭಾರತದಲ್ಲಿ ಮಾತಿನ ಬೆಲೆ ಬೇರೆ ರೀತಿಯದು: ನರ್ಮದಾ ಅಣೆಕಟ್ಟಿನ ನಿರಾಶ್ರಿತರಿಗೆ ಪುನರ್ವಸತಿ ಕೊಡಿ ಎಂದಷ್ಟೇ ಹೇಳಿದ ಆಮಿರ್ ಖಾನರ ಚಿತ್ರ 2006ರಲ್ಲಿ ಗುಜರಾತಿನ ಬಹುತೇಕ ಚಿತ್ರಮಂದಿರಗಳಲ್ಲಿ ತೆರೆ ಕಾಣಲಿಲ್ಲ. ಒಂದು ಸಿನಿಮಾದಲ್ಲಿ ನೂರಾರು ಜನರ ಹೊಟ್ಟೆಪಾಡು ಸೇರಿರುವಾಗ, ನಮ್ಮ ನಟರು ಏಕೆ ಮೌನವಾಗಿರುತ್ತಾರೆಂಬ ದೂರನ್ನು ಇದನ್ನು ಮರೆತು ಮಾಡಬಾರದು.

ಮಾನ್ಯ ಸಭಿಕರೇ, ಇಲ್ಲಿಯವರೆಗಿನ ಮಾತು ವಿರೋಧವನ್ನು ಕುರಿತದ್ದಾಯಿತು. ಇಂದು ಹೆಸರಾಂತರ ಬಾಯಲ್ಲಿ ಹೆಚ್ಚಾಗಿ ಕೇಳುವುದು ಸಮರ್ಥನೆಯ ಮಾತು: ಪರ್ಯಾಯ ಇಂಧನ ಬೇಕು, ಸೂರ್ಯನೂ ಗಾಳಿಯೂ ಪುಕ್ಕಟೆ ಎನ್ನುವುದು. ಪರ್ಯಾಯ ಇಂಧನವೆಂದರೆ ಕಲ್ಲಿದ್ದಲು, ತೈಲಗಳಂತೆ ಉರಿಸಿ ಮುಗಿಸುವಂಥದ್ದಲ್ಲದ, ಬಿಸಿಲು, ಗಾಳಿ, ಜೈವಿಕ ತ್ಯಾಜ್ಯ ಮುಂತಾದ ಮರಳಿ ಒದಗುವ ಮೂಲಗಳು. ಆ ಮಾತು ಸರಿಯೇ, ಆದರೆ ಪುಕ್ಕಟೆ ಎಂಬ ಪದದಲ್ಲಿ ನೆಲದ ಬೆಲೆ ಮರೆಯಾಗುತ್ತದೆ.

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ ಮುಂತಾದ ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನ ಎದ್ದಿದೆ. ಮೊದಲ ಹಂತ 2018ರ ಮಾರ್ಚಿನಲ್ಲಿ ಉದ್ಘಾಟನೆಗೊಂಡಿತು. ಬರದಿಂದ ಬೇಸತ್ತ ರೈತರಿಂದ ಭೂಮಿಯನ್ನು ಕಿತ್ತುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಎರಡು ವರ್ಷಕ್ಕೊಮ್ಮೆ ಏರುವ ಗುತ್ತಿಗೆಗೆ ಪಡೆದದ್ದು ದೇಶಕ್ಕೆ ಮಾದರಿಯಾದ ಕ್ರಮ. ಅದನ್ನು ಮನಸಾರೆ ಮೆಚ್ಚಬೇಕು. ಆದರೆ ಗುತ್ತಿಗೆಯ ಹಣ ಬಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೂ ಬೀಳುಭೂಮಿಯಲ್ಲಿ ಕುರಿ ಮೇಯಿಸುತ್ತಿದ್ದವರಿಗೂ ಪಹಣಿ ಇರಲಿಲ್ಲ. ಸ್ಥಾಪಿತ ಸಾಮರ್ಥ್ಯಕ್ಕೂ ನಿಜವಾದ ಉತ್ಪಾದನೆಗೂ ಇರುವ ಅಂತರವನ್ನೂ ಇಲ್ಲಿ ಗಮನಿಸಬೇಕು. ಮೆಗಾವ್ಯಾಟ್ ಎಂಬುದು ಯಂತ್ರ ಪೂರ್ಣ ವೇಗದಲ್ಲಿ ಕೊಡಬಲ್ಲ ಶಕ್ತಿ. ಸೌರ ಫಲಕ ರಾತ್ರಿಯಲ್ಲಿ ಏನನ್ನೂ ಕೊಡದು, ಮೋಡದಲ್ಲಿ ಕಡಿಮೆ ಕೊಡುತ್ತದೆ, ಆದ್ದರಿಂದ ವರ್ಷದ ಸರಾಸರಿ ಅದರ ಸಾಮರ್ಥ್ಯದ ಐದನೆಯ ಒಂದು ಭಾಗದಿಂದ ಕಾಲು ಭಾಗದವರೆಗೆ ಮಾತ್ರ. ಹೀಗಾಗಿ ಅಂಕಿಯಲ್ಲಿ ಕೈಗಾದ 880 ಮೆಗಾವ್ಯಾಟಿನ ಎರಡು ಪಟ್ಟಿಗಿಂತ ದೊಡ್ಡದಾಗಿ ಕಾಣುವ ಪಾವಗಡ, ಕೈಗಾ ಚೆನ್ನಾಗಿ ನಡೆದ ವರ್ಷದಲ್ಲಿ ಅದಕ್ಕಿಂತ ಕಡಿಮೆ ಯೂನಿಟ್ಟುಗಳನ್ನು ಕೊಡುತ್ತದೆ. ಇದರಿಂದ ಸೌರಶಕ್ತಿ ಬೇಡವೆಂದು ಹೇಳಿದಂತಾಗುವುದಿಲ್ಲ. ಸೌರಶಕ್ತಿಯ ಪರವಾಗಿ ಮಾತನಾಡುವವರು ಈ ಅಂಕಿಯನ್ನು ತಾವೇ ಮೊದಲು ಹೇಳಬೇಕೆಂದಷ್ಟೇ ಆಗುತ್ತದೆ, ಏಕೆಂದರೆ ಎದುರಾಳಿಯ ಬಾಯಿಂದ ಅದು ಹೊರಬಿದ್ದ ದಿನ ಕೇಳುವವರ ನಂಬಿಕೆ ಒಟ್ಟಿಗೇ ಕುಸಿಯುತ್ತದೆ.

ಹಗಲಿನ ಬಿಸಿಲನ್ನು ಸಂಜೆಗೆ ಉಳಿಸುವ ಅಗತ್ಯದಿಂದ ಶರಾವತಿಯ ಈಗಿನ ವಿವಾದ ಹುಟ್ಟಿದೆ. ಪಂಪ್ಡ್ ಸ್ಟೋರೇಜ್ ಎಂದರೆ, ವಿದ್ಯುತ್ತು ಹೇರಳವಾಗಿರುವ ಹೊತ್ತಿನಲ್ಲಿ ಕೆಳಗಿನ ಜಲಾಶಯದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಬೇಡಿಕೆ ಏರಿದಾಗ ಅದೇ ನೀರನ್ನು ಇಳಿಸಿ ವಿದ್ಯುತ್ತು ಪಡೆಯುವುದು. ಎತ್ತಲು ನಾಲ್ಕು ಯೂನಿಟ್ ಖರ್ಚಾದರೆ ಮರಳಿ ಬರುವುದು ಸುಮಾರು ಮೂರು. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, ಸಿಂಗಳೀಕಗಳ ಅಭಯಾರಣ್ಯದ ಒಳಗೆ, 2,000 ಮೆಗಾವ್ಯಾಟಿನ ಇಂಥ ಯೋಜನೆಯನ್ನು ಕರ್ನಾಟಕ ವಿದ್ಯುತ್ ನಿಗಮ ಕೈಗೆತ್ತಿಕೊಂಡಿದೆ. 2025ರಲ್ಲಿ ಅದರ ವಿರುದ್ಧ ಸಾಗರ, ಹೊನ್ನಾವರ ಸೀಮೆಯ ಜನರೂ ಮಠಾಧೀಶರೂ ಪರಿಸರ ತಜ್ಞರೂ ದನಿಯೆತ್ತಿದರು. ಅದೇ ಕಣಿವೆಯಲ್ಲಿ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನಿಂದ ಮುಳುಗಡೆಯಾದ ಕುಟುಂಬಗಳ ಹಕ್ಕುಪತ್ರದ ಪ್ರಶ್ನೆ ಆರು ದಶಕ ಕಳೆದರೂ ಪೂರ್ತಿಯಾಗಿ ಬಗೆಹರಿದಿಲ್ಲ. ಇಂದಿನ ಖ್ಯಾತನಾಮರ ಮುಂದಿರುವ ಪರೀಕ್ಷೆ ಕಾರಂತರ ಕಾಲದ್ದಕ್ಕಿಂತ ಕಠಿಣವಾದದ್ದು: ಒಂದೇ ಉಸಿರಿನಲ್ಲಿ ಸೌರಶಕ್ತಿ ಬೇಕೆಂದೂ ಶರಾವತಿ ಉಳಿಯಲೆಂದೂ ಹೇಳುವವರು, ಸಂಜೆ ಏಳು ಗಂಟೆಯ ವಿದ್ಯುತ್ತು ಎಲ್ಲಿಂದ ಬರಬೇಕೆಂಬುದಕ್ಕೆ ಉತ್ತರ ಕೊಡಲೂ ಬಾಧ್ಯರು. ಆ ಉತ್ತರದ ಬಹುಭಾಗ ಶರಾವತಿ ಕಣಿವೆಯಲ್ಲಿಲ್ಲ, ಬೆಂಗಳೂರಿನ ಬಳಕೆಯಲ್ಲಿದೆ.

ಬೆಂಗಳೂರಿನ ಅನುಭವವೇ ಇದಕ್ಕೆ ಸಾಕ್ಷಿ. ನಗರದ ಅತ್ಯಂತ ಯಶಸ್ವಿ ಪರ್ಯಾಯ ಇಂಧನ ಮನೆಗಳ ತಾರಸಿಯ ಸೌರ ನೀರಿನ ಹೀಟರು. ಅದು ಹರಡಿದ್ದು ಖ್ಯಾತನಾಮರ ಭಾಷಣದಿಂದಲ್ಲ. ಹೊಸ ಮನೆಗಳಿಗೆ ಅದನ್ನು ಕಡ್ಡಾಯಗೊಳಿಸಿದ ನಿಯಮ, ಬಿಲ್ಲಿನಲ್ಲಿ ಕೊಟ್ಟ ರಿಯಾಯಿತಿ, ಬೆಳಗಿನ ಸ್ನಾನಕ್ಕೆ ಬಿಸಿನೀರು ಬೇಕೇಬೇಕೆನ್ನುವ ಮನೆಯ ರೂಢಿ, ಈ ಮೂರು ಕೂಡಿಕೊಂಡು ಅದನ್ನು ತಾರಸಿಗೆ ಏರಿಸಿದವು. ಎರಡು ಮೂರು ಸಾವಿರ ವ್ಯಾಟಿನ ಗೀಸರುಗಳು ಬೆಳಗಿನ ಒಂದೇ ಹೊತ್ತಿನಲ್ಲಿ ಹೊತ್ತಿಕೊಳ್ಳುವುದನ್ನು ಅದು ಎಷ್ಟೋ ಮಟ್ಟಿಗೆ ತಪ್ಪಿಸಿತು. ಆದರೂ ಜನಪ್ರಿಯ ವ್ಯಕ್ತಿಯ ಮಾತಿಗೆ ಈ ಬಗೆಯ ಕೆಲಸದಲ್ಲಿ ಸ್ಥಾನವೇ ಇಲ್ಲವೆನ್ನಲಾಗದು. ನಂದಿನಿ ಹಾಲಿಗೆ ಪ್ರಚಾರ ರಾಯಭಾರಿಯಾಗಿದ್ದ ಪುನೀತ್ ರಾಜಕುಮಾರ್ ಎಲ್‌ಇಡಿ ಬಲ್ಬಿನ ಯೋಜನೆಗೂ ತಮ್ಮ ಹೆಸರು ಕೊಟ್ಟರು. ಬಲ್ಬು ಬದಲಾಯಿಸಿ ಎನ್ನುವುದು ಸಣ್ಣ ಮಾತಿನಂತೆ ಕಂಡರೂ, ಅದು ರೆಡ್ಡಿಯವರ ಕೋಷ್ಟಕದ ಒಂದು ಸಾಲನ್ನು ಮನೆಮನೆಗೆ ಮುಟ್ಟಿಸುವ ಮಾತು, ಹಾಗಾಗಿ ಹತ್ತು ಉಗ್ರ ಭಾಷಣಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಪಟ್ಟಂದೂರು ಅಗ್ರಹಾರ ಸೇರಿರುವ ಮಹದೇವಪುರ ವಿಧಾನಸಭಾ ಕ್ಷೇತ್ರ ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರದ ಭಾಗ. 2019ರಲ್ಲಿ ಇಲ್ಲಿಂದ ನಟ ಪ್ರಕಾಶ್ ರಾಜ್ ಪಕ್ಷೇತರರಾಗಿ ಸ್ಪರ್ಧಿಸಿ, 30,000ಕ್ಕಿಂತ ಕಡಿಮೆ ಮತ ಪಡೆದು ಠೇವಣಿ ಕಳೆದುಕೊಂಡರು. 1989ರಲ್ಲಿ ಕಾರಂತರನ್ನು, 2019ರಲ್ಲಿ ಪ್ರಕಾಶ್ ರಾಜರನ್ನು ಮತದಾರ ಒಪ್ಪದಿದ್ದುದರಿಂದ ಖ್ಯಾತನಾಮರ ಮಾತಿಗೆ ಬೆಲೆಯಿಲ್ಲವೆಂಬ ತೀರ್ಮಾನಕ್ಕೆ ಬರುವುದು ಅವಸರದ ಕೆಲಸ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ರೈತರು ತಮ್ಮ ಭೂಮಿಯ ಸ್ವಾಧೀನದ ವಿರುದ್ಧ ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕುಳಿತಿದ್ದಾಗ ಅದೇ ಪ್ರಕಾಶ್ ರಾಜ್ ಆ ರೈತರ ಜೊತೆಗೆ ನಿಂತರು, 2025ರ ಜುಲೈನಲ್ಲಿ ಸರ್ಕಾರ 1,777 ಎಕರೆಯ ಸ್ವಾಧೀನವನ್ನು ಕೈಬಿಟ್ಟಿತು. ಗೆದ್ದವರು ರೈತರು. ಖ್ಯಾತಿ ಅಲ್ಲಿ ಮಾಡಿದ್ದು, ಆಗಲೇ ಕಟ್ಟಿ ನಿಲ್ಲಿಸಿದ್ದ ಹೋರಾಟಕ್ಕೆ ನಾಡಿನ ಕಿವಿಯನ್ನು ತಿರುಗಿಸಿದ್ದು. ಅದೇ ನಟರು ಕ್ಷೇತ್ರದ ಅಭ್ಯರ್ಥಿಯಾದಾಗ ಅವರ ಹಿಂದೆ ಹಾಗೆ ಕಟ್ಟಿದ ಹೋರಾಟವಿರಲಿಲ್ಲ. ವಿದ್ಯುತ್ತಿನ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ: ಮೊದಲು ಲೆಕ್ಕ ಇಟ್ಟ ಸ್ಥಳೀಯರು ಬೇಕು, ಅನಂತರ ಅವರ ಲೆಕ್ಕವನ್ನು ಎತ್ತಿ ಹಿಡಿಯುವ ದೊಡ್ಡ ದನಿ.

ಆ ಲೆಕ್ಕ ಇಲ್ಲಿ ಎಲ್ಲಿಂದ ಆರಂಭವಾಗಬೇಕು? 2003ರ ವಿದ್ಯುತ್ ಕಾಯ್ದೆ ತಂದ ಓಪನ್ ಆಕ್ಸೆಸ್ ವ್ಯವಸ್ಥೆಯಲ್ಲಿ ದೊಡ್ಡ ಬಳಕೆದಾರ ಇಲ್ಲಿನ ವಿತರಣಾ ಕಂಪನಿಯಾದ ಬೆಸ್ಕಾಂನಿಂದಲೇ ಕೊಳ್ಳಬೇಕೆಂದಿಲ್ಲ. ದೂರದ ಸೌರ ಅಥವಾ ಪವನ ಸ್ಥಾವರದೊಡನೆ ನೇರವಾಗಿ ಒಪ್ಪಂದ ಮಾಡಿಕೊಂಡು, ತಂತಿಯ ಬಳಕೆಗೆ ಶುಲ್ಕ ಕೊಟ್ಟು ತರಿಸಿಕೊಳ್ಳಬಹುದು. 2022ರ ಕೇಂದ್ರ ನಿಯಮಗಳು ಹಸಿರು ವಿದ್ಯುತ್ತಿಗೆ ಈ ಅವಕಾಶದ ಮಿತಿಯನ್ನು 100 ಕಿಲೋವ್ಯಾಟಿಗೆ ಇಳಿಸಿದವು. ಈ ವಲಯದ ಕಂಪನಿಗಳು ಸೌರಶಕ್ತಿಯಿಂದ ನಡೆಯುತ್ತೇವೆಂದು ಹೇಳಿಕೊಳ್ಳಲು ಸಾಧ್ಯವಾಗಿರುವುದು ಹೆಚ್ಚಾಗಿ ಇದರಿಂದ. ಆದರೆ ಅದರೊಡನೆ ಬ್ಯಾಂಕಿಂಗ್ ಎಂಬ ಏರ್ಪಾಡೂ ಇದೆ: ಹಗಲು ಹೆಚ್ಚಾಗಿ ಉತ್ಪಾದನೆಯಾದ ಸೌರ ವಿದ್ಯುತ್ತನ್ನು ಜಾಲಕ್ಕೆ ಜಮೆ ಮಾಡಿ, ಬೇರೆ ಹೊತ್ತಿನಲ್ಲಿ ಅಷ್ಟೇ ಯೂನಿಟ್ಟುಗಳನ್ನು ಹಿಂಪಡೆಯುವುದು. ಕಾಗದದಲ್ಲಿ ಲೆಕ್ಕ ಸರಿಹೋಗುತ್ತದೆ. ಆದರೆ ರಾತ್ರಿ ಪಾಳಿಯಲ್ಲಿ ಹವಾನಿಯಂತ್ರಕ ನಡೆಸುವ ವಿದ್ಯುತ್ತು ಆ ಕ್ಷಣದಲ್ಲಿ ಹುಟ್ಟುವುದು ಹೆಚ್ಚಾಗಿ ರಾಯಚೂರಿನ ಕಲ್ಲಿದ್ದಲಿನಿಂದ, ಶರಾವತಿಯ ನೀರಿನಿಂದ ಅಥವಾ ಕೈಗಾದಿಂದ. ವಾರ್ಷಿಕ ಮೊತ್ತದ ಬದಲು ಗಂಟೆಗಂಟೆಯ ಲೆಕ್ಕವನ್ನು ಪ್ರತಿಯೊಂದು ಟೆಕ್ ಪಾರ್ಕು ಪ್ರಕಟಿಸಬೇಕೆಂದು ಹೆಸರಾಂತ ವ್ಯಕ್ತಿಯೊಬ್ಬರು ಒತ್ತಾಯಿಸಿದರೆ, ಅದು ಪರ್ಯಾಯ ಇಂಧನದ ಪರವಾಗಿ ಈ ನಾಡಿನಲ್ಲಿ ಆಡಬಹುದಾದ ಅತ್ಯಂತ ಉಪಯುಕ್ತ ರಾಜಕೀಯ ಮಾತುಗಳಲ್ಲೊಂದಾಗುತ್ತದೆ.

ಮನೆಗಳ ವಿಷಯ ಇದಕ್ಕಿಂತ ಸೂಕ್ಷ್ಮ. 2023ರ ಆಗಸ್ಟಿನಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆ ತಿಂಗಳಿಗೆ 200 ಯೂನಿಟ್ಟಿನವರೆಗೆ ಉಚಿತ ವಿದ್ಯುತ್ತು ಕೊಟ್ಟು ಬಡ ಕುಟುಂಬಗಳ ಭಾರ ಇಳಿಸಿತು. ಅದೇ ಹೊತ್ತಿಗೆ, ಬಿಲ್ಲೇ ಬಾರದ ಮನೆಗೆ ತಾರಸಿಯ ಮೇಲೆ ಸೌರ ಫಲಕ ಹಾಕಿಸಲು ಹಣಕಾಸಿನ ಕಾರಣವೂ ಉಳಿಯಲಿಲ್ಲ. ಎತ್ತರದ ವಸತಿ ಸಮುಚ್ಚಯದಲ್ಲಿ ತಾರಸಿ ಒಂದು, ಮನೆ ನೂರಾರು. ಇವುಗಳ ಬಗ್ಗೆ ಮಾತನಾಡುವುದು ಜನಪ್ರಿಯತೆಗೆ ಅಪಾಯಕಾರಿ, ಆದ್ದರಿಂದಲೇ ಚುನಾವಣೆಗೆ ನಿಲ್ಲಬೇಕಾದವರು ಇದನ್ನು ಹೇಳಲಾರರು. ಚುನಾವಣೆಯ ಹಂಗಿಲ್ಲದ ಖ್ಯಾತಿಯಿಂದ ಮಾತ್ರ ಇದನ್ನು ನಿರೀಕ್ಷಿಸಬಹುದು.

ಕೊನೆಯದಾಗಿ ಕಾನೂನಿನ ಒಂದು ಅಂಶ ಈ ಸಭೆಯ ಗಮನಕ್ಕೆ ಬರಬೇಕಿದೆ. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆಯನ್ನು ಯೋಜನೆಯ ಸ್ಥಳದಲ್ಲಿ ಅಥವಾ ಅದರ ಸಮೀಪದಲ್ಲಿ ನಡೆಸಬೇಕು, ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಒದಗಿಸಬೇಕು. ಶರಾವತಿ ಯೋಜನೆಯ ಸಭೆ ಆ ಕಣಿವೆಯವರಿಗಾಗಿ ನಡೆಯುತ್ತದೆ, ನಡೆಯಲೇಬೇಕು. ಆದರೆ ಆ ವಿದ್ಯುತ್ತು ಯಾರ ಸಂಜೆಗಾಗಿ ಉಳಿಯುತ್ತದೆಯೋ ಅವರನ್ನು ಕರೆದು, ಇಷ್ಟು ಕಾಡು ಹೋಗುತ್ತದೆ, ನಿಮ್ಮ ಬೇಡಿಕೆಯಲ್ಲಿ ಎಷ್ಟನ್ನು ಇಳಿಸಬಲ್ಲಿರಿ ಎಂದು ಕೇಳುವ ಸಭೆಗೆ ಆ ಅಧಿಸೂಚನೆಯಲ್ಲಿ ಎಡೆಯಿಲ್ಲ. ಪೂರ್ಣ ವರದಿ ಕನ್ನಡದಲ್ಲಿ ಬರಬೇಕೆಂದು, ಮತ್ತು ಅಂಥ ಎರಡನೆಯ ಅಹವಾಲು ಸಭೆ ವೈಟ್‌ಫೀಲ್ಡಿನಲ್ಲಿಯೂ ಪೀಣ್ಯದಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ನಡೆಯಬೇಕೆಂದು ಕೇಳಲು ಕಾನೂನಿನ ತಿದ್ದುಪಡಿಗಾಗಿ ಕಾಯಬೇಕಿಲ್ಲ. ಗ್ರಂಥಾಲಯದ ಸಭಾಂಗಣ, ನಿವಾಸಿಗಳ ಸಂಘ, ಕಾರ್ಮಿಕ ಸಂಘ ಯಾವುದಾದರೂ ಅದನ್ನು ಕರೆಯಬಹುದು, ನಾಡು ಕಿವಿಗೊಡುವ ಹೆಸರಿನವರೊಬ್ಬರು ಅಲ್ಲಿಗೆ ಬಂದು ಮಾತನಾಡುವ ಮೊದಲು ಕುಳಿತು ಕೇಳಬಹುದು.